ಕುರಮಾದ ಬೆಂಕಿ ಹಬ್ಬ: ಪಂಜು ನೋಡಬೇಕೋ ಪಲ್ಲಕ್ಕಿ ನೋಡಬೇಕೋ, ಮೊದಲೇ ತೀರ್ಮಾನಿಸಿ

ಕ್ಯೋಟೋದ ಉತ್ತರಕ್ಕೆ ಬೆಟ್ಟಗಳ ಸಂದಿಯಲ್ಲಿರುವ ಕುರಮಾ ಎಂಬ ಪುಟ್ಟ ಊರಿನಲ್ಲಿ ಪ್ರತಿ ವರ್ಷ ಅಕ್ಟೋಬರ್ 22ರ ರಾತ್ರಿ ಯುಕಿ ದೇಗುಲದ ಬೆಂಕಿ ಹಬ್ಬ. ಪಂಜು ನೋಡಲು ಹೋದವರಿಗೆ ಇದು ಮನಸ್ಸು ತುಂಬುವಷ್ಟು ಕೊಡುತ್ತದೆ. ದೇವರ ಪಲ್ಲಕ್ಕಿ ಮೆಟ್ಟಿಲಿಳಿದು ಬರುವುದನ್ನು ನೋಡಲೇಬೇಕೆಂದು ಹೋದವರಲ್ಲಿ ಬಹಳ ಮಂದಿ ಮುಂದಿನವರ ತಲೆ ನೋಡಿ ಬರುತ್ತಾರೆ. ಊರಿಗಿರುವುದು ಒಂದೇ ಇಕ್ಕಟ್ಟಾದ ಬೀದಿ, ಎರಡೂ ಕಡೆ ಮನೆಗಳು. ಕೂರುವ ಗ್ಯಾಲರಿ ಇಲ್ಲ, ನೂಕುನುಗ್ಗಲು ಆಗದಂತೆ ಪೊಲೀಸರು ಜನರನ್ನು ಒಂದೇ ದಿಕ್ಕಿನಲ್ಲಿ ನಡೆಸುತ್ತಲೇ ಇರುತ್ತಾರೆ. ನಿಂತು ಫೋಟೊ ತೆಗೆಯಲು ಹೋದರೆ ‘ಮುಂದೆ ನಡೆಯಿರಿ’ ಎನ್ನುತ್ತಾರೆ. ಟ್ರೈಪಾಡ್ ಹೊತ್ತೊಯ್ಯುವುದು ವ್ಯರ್ಥ.

940ರಲ್ಲಿ, ದಂಗೆ–ಭೂಕಂಪಗಳಿಂದ ನಾಡು ತತ್ತರಿಸಿದ್ದಾಗ, ಆಗಿನ ರಾಜಧಾನಿ ಕ್ಯೋಟೋದ ಉತ್ತರ ದಿಕ್ಕನ್ನು ಕಾಯಲೆಂದು ಸುಜಾಕು ಚಕ್ರವರ್ತಿ ಅರಮನೆಯಲ್ಲಿದ್ದ ಯುಕಿ ದೇವರನ್ನು ಕುರಮಾಕ್ಕೆ ಕಳುಹಿಸಿದ. ಊರವರು ದಾರಿಯುದ್ದಕ್ಕೂ ಬೆಂಕಿ ಹಚ್ಚಿ ದೇವರನ್ನು ಬರಮಾಡಿಕೊಂಡರು ಎಂಬುದು ಹಬ್ಬದ ಮೂಲಕಥೆ. ಇಂದಿಗೂ ಇದನ್ನು ನಡೆಸುವವರು ಊರಿನ ಮನೆತನಗಳೇ, ‘ನಕಾಮಾ’ ಎಂಬ ಏಳು ಗುಂಪುಗಳಾಗಿ. ನೋಡಲು ಬಂದವರು ಇಲ್ಲಿ ಅತಿಥಿಗಳು, ಅಷ್ಟೇ. ಹಾಗಿರುವುದೇ ಸರಿ.

ಸಂಜೆ ಆರರ ಹೊತ್ತಿಗೆ ಊರವರು ಕೂಗು ಹಾಕುತ್ತಾ ಹೋಗುತ್ತಾರೆ, ಮನೆಮನೆಯ ಮುಂದೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮೊದಲು ಹೊರಡುವುದು ಮಕ್ಕಳು, ತಮ್ಮ ಕೈಗೆ ನಿಲುಕುವ ಚಿಕ್ಕ ಪಂಜು ಹಿಡಿದು. ಹೊತ್ತು ಏರಿದಂತೆ ಪಂಜೂ ದಪ್ಪವಾಗುತ್ತದೆ, ಹೊರುವವರ ವಯಸ್ಸೂ ಏರುತ್ತದೆ. ಒಣ ಪುಳ್ಳೆಗಳನ್ನು ಒತ್ತೊತ್ತಾಗಿ ಸೇರಿಸಿ ಬಳ್ಳಿಯಿಂದ ಬಿಗಿದು ಕಟ್ಟಿದ ದೊಡ್ಡ ಪಂಜು ಸುಮಾರು 5 ಮೀಟರ್ ಉದ್ದ, ತೂಕ 80 ಕಿಲೊಗೂ ಮೇಲೆ. ಉರಿಯುವ ತುದಿ ಅಗಲ, ಹಿಡಿಯುವ ತುದಿ ಸಪೂರ, ಹಾಗಾಗಿ ಭಾರವೆಲ್ಲ ಮೇಲ್ಗಡೆಯೇ. ಇಬ್ಬರು ಮೂವರು ಭುಜ ಕೊಟ್ಟು, ‘ಸೈರೇ, ಸೈರ್ಯೋ’ ಎಂದು ಕೂಗುತ್ತಾ, ಆ ಕೂಗಿನ ಲಯಕ್ಕೇ ಹೆಜ್ಜೆ ಹಾಕುತ್ತಾರೆ. ಒಬ್ಬನ ಹೆಜ್ಜೆ ತಪ್ಪಿದರೂ ಪಂಜು ವಾಲುತ್ತದೆ, ಕೆಂಡ ಅದನ್ನು ಹೊತ್ತವರ ಬೆನ್ನಿಗೇ ಉದುರುತ್ತದೆ. ಆರರಿಂದ ಎಂಟರವರೆಗಿನ ಈ ಎರಡು ತಾಸೇ ಹಬ್ಬದ ಜೀವ. ಬೀದಿಯ ಯಾವ ಮೂಲೆಯಿಂದ ನೋಡಿದರೂ ಇದು ಕಾಣುತ್ತದೆ, ನಡೆಯುತ್ತಲೇ ನೋಡಿದರೂ ನಷ್ಟವಿಲ್ಲ.

ಎಂಟರ ಸುಮಾರಿಗೆ ಪಂಜುಗಳೆಲ್ಲ ಕುರಮಾ ಮಂದಿರದ ಹೆಬ್ಬಾಗಿಲ ಮುಂದಿನ ಮೆಟ್ಟಿಲ ಬಳಿ ಒಟ್ಟುಗೂಡುತ್ತವೆ. ಅಡ್ಡ ಕಟ್ಟಿದ ಪವಿತ್ರ ಹಗ್ಗ ಕಡಿದ ಮೇಲೆಯೇ ಎರಡು ಪಲ್ಲಕ್ಕಿಗಳಿಗೆ ದಾರಿ. ಕಡಿದಾದ ಮೆಟ್ಟಿಲಲ್ಲಿ ಪಲ್ಲಕ್ಕಿ ಜಾರಿ ಬರದಂತೆ ಹಿಂದಿನಿಂದ ಹಗ್ಗ ಹಿಡಿದು ಜಗ್ಗುವವರು ಹೆಂಗಸರು. ಆ ಹಗ್ಗ ಎಳೆದರೆ ಹೆರಿಗೆ ಸಲೀಸು ಎಂಬ ನಂಬಿಕೆಯಿದೆ. ಮುಂದಿನ ದಂಡಿಗೆಗೆ ಜೋತುಬಿದ್ದು ಇಬ್ಬರು ಯುವಕರು ಕಾಲುಗಳನ್ನು ಮೇಲಕ್ಕೆ ಅಗಲಿಸಿರುತ್ತಾರೆ. ‘ಚೊಪ್ಪೆನ್’ ಎಂಬ ಈ ಆಚರಣೆ ಒಂದು ಕಾಲಕ್ಕೆ ಊರಿನ ಹುಡುಗ ಗಂಡಸಾದ ಗುರುತಾಗಿತ್ತು. ನೋಡಲು ಅಪೂರ್ವ, ಆದರೆ ಹೆಬ್ಬಾಗಿಲ ಮುಂದೆ ಜಾಗವೇ ಕಡಿಮೆ, ಇರುವುದರಲ್ಲಿ ಹೆಚ್ಚಿನ ಪಾಲು ಪಂಜಿನವರಿಗೇ ಬೇಕು. ಇದಕ್ಕಾಗಿಯೇ ಎಂಟರ ತನಕ ಕಾಯುವುದನ್ನು ಮೊದಲ ಸಲ ಹೋಗುವವರಿಗೆ ನಾವು ಹೇಳುವುದಿಲ್ಲ.

ಹೋಗಿಬರುವುದೇ ನಿಜವಾದ ಪರೀಕ್ಷೆ. ಕ್ಯೋಟೋದ ದೆಮಾಚಿಯಾನಗಿ ನಿಲ್ದಾಣದಿಂದ ಕುರಮಾಕ್ಕೆ ಎಯ್ಜಾನ್ ರೈಲಿನಲ್ಲಿ ಅರ್ಧ ಗಂಟೆ ದಾರಿ. ಗಾಡಿಗಳಲ್ಲಿ ಇರುವುದು ಒಂದೋ ಎರಡೋ ಬೋಗಿ, ಸಂಜೆಯಾದರೆ ನಿಲ್ದಾಣದ ಹೊರಗೇ ಸರತಿ. ಹಬ್ಬದ ದಿನ ಊರಿನೊಳಗೆ ವಾಹನ ಬಿಡುವುದಿಲ್ಲ, ಟ್ಯಾಕ್ಸಿ ನಂಬಬೇಡಿ. ಅದೇ ದಿನ ಮಧ್ಯಾಹ್ನ ಕ್ಯೋಟೋದಲ್ಲಿ ಜಿದಾಯ್ ಮತ್ಸುರಿ (ಯುಗಗಳ ಹಬ್ಬ) ಮೆರವಣಿಗೆಯೂ ಇರುತ್ತದೆ. ಅದನ್ನು ಕೊನೆತನಕ ನೋಡಿ ಬಂದರೆ ಸರತಿ ಅತಿ ಉದ್ದವಿರುವ ಹೊತ್ತಿಗೇ ಸಿಕ್ಕಿಕೊಳ್ಳುತ್ತೀರಿ. ಎರಡರಲ್ಲಿ ಒಂದನ್ನು ಬಿಡಿ. ಮೂರು ಗಂಟೆಯೊಳಗೆ ಕುರಮಾ ತಲುಪಿದರೆ ಮನೆಗಳ ಮುಂದೆ ಒರಗಿಸಿಟ್ಟ ಪಂಜುಗಳ ಕಟ್ಟನ್ನು ಹಗಲ ಬೆಳಕಿನಲ್ಲಿ ಹತ್ತಿರದಿಂದ ನೋಡಬಹುದು.

ನೈಲಾನ್, ಪಾಲಿಯೆಸ್ಟರ್ ಜಾಕೆಟ್ ಬೇಡ. ಒಂದು ಕಿಡಿ ತಾಗಿದರೆ ತೂತು. ದಪ್ಪ ಹತ್ತಿಯದು ಅಥವಾ ಉಣ್ಣೆಯದು ಹಾಕಿ, ಬೆಂಕಿಯಿಂದ ನಾಲ್ಕು ಹೆಜ್ಜೆ ಸರಿದರೆ ಬೆಟ್ಟದ ಚಳಿ ಹಿಡಿಯುತ್ತದೆ. ಹೊಗೆಗೆ ಕಣ್ಣುರಿ, ಕೆಮ್ಮು ಖಚಿತ. ಆಸ್ತಮಾ ಇದ್ದವರು, ಕೈಗೂಸು ಇದ್ದವರು ಈ ರಾತ್ರಿ ಬರದಿರುವುದೇ ಲೇಸು. ವಾಪಸಿನ ಟಿಕೆಟ್ ಹೋಗುವಾಗಲೇ ತೆಗೆದುಕೊಳ್ಳಿ, ಅಥವಾ ರೈಲು ಪ್ರಯಾಣದ ಐಸಿ ಕಾರ್ಡಿನಲ್ಲಿ ಸಾಕಷ್ಟು ಹಣ ತುಂಬಿಸಿಡಿ. ಹಬ್ಬ ಮುಗಿಯುವುದು ನಡುರಾತ್ರಿಗೆ. ಕೊನೆಯ ಗಾಡಿಗೆ ಕಾಯದೆ ಎಂಟರ ಒಳಗೆ ನಿಲ್ದಾಣದತ್ತ ಹೊರಟರೆ ಹಿಂತಿರುಗುವ ಸರತಿ ಅರ್ಧದಷ್ಟೂ ಇರುವುದಿಲ್ಲ.