ವ್ಯಾನ್ಸ್ ಆರ್‌ವಿ-14 ಬಾಲದ ಕಿಟ್ ರಿವ್ಯೂ, ಗ್ಯಾರೇಜಲ್ಲಿ ವಿಮಾನ ಕಟ್ಟೋ ಯೋಚನೆ ಇರೋರಿಗೆ

ಮೊದಲೇ ಹೇಳ್ಬಿಡ್ತೀನಿ, ತಗೊಳ್ಳಿ. ಆದ್ರೆ ಬಾಲದ ಕಿಟ್ ಒಂದನ್ನೇ ತಗೊಳ್ಳಿ, ರೆಕ್ಕೆ, ಬಾಡಿ ಎಲ್ಲಾ ಒಟ್ಟಿಗೆ ಆರ್ಡರ್ ಮಾಡೋಕೆ ಹೋಗ್ಬೇಡಿ. ವ್ಯಾನ್ಸ್ ಏರ್‌ಕ್ರಾಫ್ಟ್‌ನವರು ಆರ್‌ವಿ-14 ಅನ್ನೋ, ನಾವೇ ಕಟ್ಕೊಳ್ಳೋ ವಿಮಾನವನ್ನ ನಾಲ್ಕು ಭಾಗವಾಗಿ ಮಾರ್ತಾರೆ: ಬಾಲ, ರೆಕ್ಕೆ, ಬಾಡಿ, ಕೊನೆಗೆ ಫಿನಿಶಿಂಗ್ ಕಿಟ್. ಇಂಜಿನ್ನು, ಪ್ರೊಪೆಲ್ಲರ್ರು, ರೇಡಿಯೋ, ಸ್ಕ್ರೀನು ಇವೆಲ್ಲ ಬೇರೆ ಲೆಕ್ಕ. ಬಾಲ ಇದ್ರಲ್ಲಿ ಚಿಕ್ಕ ಖರ್ಚು, ಆದ್ರೆ ಮುಂದೆ ಬೇಕಾಗೋ ತಗಡಿನ ಕೆಲಸ ಹೆಚ್ಚುಕಮ್ಮಿ ಎಲ್ಲಾ ಇಲ್ಲೇ ಬಂದುಹೋಗತ್ತೆ, ರಿವೆಟ್ (ತಗಡು ಜೋಡಿಸೋ ಲೋಹದ ಮೊಳೆ) ಹೊಡೆಯೋದು, ಡಿಂಪಲ್ (ರಿವೆಟ್ ತಲೆ ಸಮಕ್ಕೆ ಕೂರೋಕೆ ತೂತಿನ ಸುತ್ತ ಸಣ್ಣ ಕುಳಿ) ಹಾಕೋದು, ಅಂಚು ನಯ ಮಾಡೋದು, ತಪ್ಪಾದ ರಿವೆಟ್ ತೆಗೆಯೋದು. ಈ ಕೆಲಸ ನಿಮಗೆ ಇಷ್ಟ ಆಗತ್ತೋ ಇಲ್ವೋ ಅನ್ನೋದು ಬಾಲ ಮುಗಿಯೋಷ್ಟರಲ್ಲಿ ಗೊತ್ತಾಗಿಬಿಡತ್ತೆ, ಆಮೇಲೆ ದೊಡ್ಡ ದುಡ್ಡು ಹಾಕೋದೋ ಬೇಡ್ವೋ ಯೋಚಿಸಬಹುದು.

ಗೊತ್ತಿಲ್ಲದೋರಿಗೆ ಒಂದೆರಡು ಮಾತು. ವ್ಯಾನ್ಸ್ ಅಮೆರಿಕದ ಒರೆಗಾನ್ ರಾಜ್ಯದ ಅರೋರಾದಲ್ಲಿರೋ ಕಂಪನಿ, ಶುರು ಮಾಡಿದ್ದು ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್, ಅವರ ಹೆಸರಿನ ಇನಿಷಿಯಲ್ಲೇ ಆರ್‌ವಿ. ಮೊದಲು ಬಂದಿದ್ದು ಒಂದೇ ಸೀಟಿನ ಆರ್‌ವಿ-3, ಆಮೇಲೆ 4, 6, 7, 8, 9, 10, 12, 14 ಅಂತ ಬೆಳೀತಾ ಹೋಯ್ತು, ಇವರ ಕಿಟ್ಟಲ್ಲಿ ಕಟ್ಟಿ ಹಾರಿರೋ ವಿಮಾನಗಳೇ ಹತ್ತು ಸಾವಿರದ ಮೇಲಿವೆ. 14 ಅಂದ್ರೆ ಪಕ್ಕಪಕ್ಕ ಇಬ್ಬರು ಕೂರೋದು, ಲೈಕಮಿಂಗ್ ಐಓ-390 ಇಂಜಿನ್ ಮನಸ್ಸಲ್ಲಿಟ್ಟು ಡಿಸೈನ್ ಮಾಡಿದ್ದು, ಏರೋಬ್ಯಾಟಿಕ್ಸೂ, ಅಂದ್ರೆ ಆಕಾಶದಲ್ಲಿ ಕಸರತ್ತೂ ಮಾಡಬಹುದು. ಮೂತಿ ಕೆಳಗೆ ಚಕ್ರ ಇರೋದು 14ಎ, ಬಾಲದ ಕೆಳಗೆ ಚಕ್ರ ಇರೋದು ಬರೀ 14.

ಈಗ ಕಿಟ್ ವಿಷಯ. ಪೆಟ್ಟಿಗೆ ಬಂದ ತಕ್ಷಣ ಕೈ ತುರಿಸತ್ತೆ, ಒಂದೆರಡು ಪಾರ್ಟ್ ಜೋಡಿಸಿ ನೋಡೋಣ ಅನ್ಸತ್ತೆ, ದಯವಿಟ್ಟು ಮಾಡ್ಬೇಡಿ. ಮೊದಲು ಪ್ಯಾಕಿಂಗ್ ಲಿಸ್ಟ್ ಹಿಡ್ಕೊಂಡು ಒಂದೊಂದೂ ಎಣಿಸಿ. ಪುಟ್ಟ ಪುಟ್ಟ ಚೀಲಗಳಲ್ಲಿ ರಿವೆಟ್ಟು, ಬೋಲ್ಟು, ನಟ್ಟು ಇರತ್ತೆ, ಕಾಗದದ ಮಧ್ಯೆ ಸಣ್ಣ ಬ್ರ್ಯಾಕೆಟ್ ಸಿಕ್ಕಿಹಾಕ್ಕೊಂಡಿರತ್ತೆ, ಪೆಟ್ಟಿಗೆ ಬಿಸಾಡೋಕ್ ಮುಂಚೆ ಕಾಗದ ಎಲ್ಲಾ ಬಿಡಿಸಿ ನೋಡಿ. ಡಬ್ಬಿಗಳ ಮೇಲೆ ರಿವೆಟ್ ನಂಬರ್ ಬರೆದು ಇಟ್ಕೊಳ್ಳಿ. ಆ ನಂಬರ್ ಓದೋದನ್ನ ಅವತ್ತೇ ಕಲಿತುಬಿಡಿ. ಎಎನ್426ಎಡಿ3-3.5 ಅಂದ್ರೆ, 426 ಅನ್ನೋದು ತಗಡಿನ ಸಮಕ್ಕೆ ಕೂರೋ 100 ಡಿಗ್ರಿ ತಲೆ, ಎಡಿ ಅನ್ನೋದು ಲೋಹದ ಜಾತಿ, 3 ಅಂದ್ರೆ ದಪ್ಪ ಇಂಚಿನ 32ರಲ್ಲಿ ಮೂರು ಭಾಗ, 3.5 ಅಂದ್ರೆ ಉದ್ದ ಇಂಚಿನ 16ರಲ್ಲಿ ಮೂರೂವರೆ ಭಾಗ. 470 ಅಂತಿದ್ರೆ ಅದು ಗುಂಡು ತಲೆಯದ್ದು, ಒಳಗಿನ ಭಾಗಗಳಿಗೆ. ಇಷ್ಟು ಗೊತ್ತಾದ್ರೆ ಡ್ರಾಯಿಂಗ್ ನೋಡುವಾಗ ಅರ್ಧ ಗಾಬರಿ ಹೋಗತ್ತೆ.

ತಗಡುಗಳ ಕ್ವಾಲಿಟಿ ಬಗ್ಗೆ ಹೇಳ್ಬೇಕಂದ್ರೆ ನನಗೆ ಪೂರ್ತಿ ಖುಷಿ. 2024-ಟಿ3 ಆಲ್‌ಕ್ಲ್ಯಾಡ್, ಅಂದ್ರೆ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ, ತುಕ್ಕು ತಡೆಯೋದು ಆ ಪದರ. ಅದಕ್ಕೇ ಗೀರು ಬೀಳಿಸಬಾರದು ಅಂತ ಇಷ್ಟು ಒತ್ತಿ ಒತ್ತಿ ಹೇಳೋದು. ಟೇಬಲ್ ಮೇಲೆ ಕಾರ್ಪೆಟ್ ಹಾಸಿ, ಕೆಲಸ ಶುರು ಮಾಡೋಕ್ ಮುಂಚೆ ಪ್ರತಿಸಲ ಅದನ್ನ ಗುಡಿಸಿ, ಡ್ರಿಲ್ ಮಾಡಿದ ಒಂದು ಚೂರು ಕೆಳಗೆ ಉಳಿದ್ರೂ ತಗಡು ಎಳೆದಾಗ ಉದ್ದಕ್ಕೆ ಗೆರೆ ಬೀಳತ್ತೆ.

ಈ ಕಿಟ್ಟಿನ ಅಸಲು ಬೆಲೆ ಇರೋದು ತೂತುಗಳಲ್ಲಿ. ಹಳೇ ಕಾಲದ ಆರ್‌ವಿ ಕಟ್ಟಿದೋರು ಪಾರ್ಟುಗಳನ್ನ ಅಲುಗದ ಹಾಗೆ ಹಿಡಿಯೋ ದೊಡ್ಡ ಮರದ ಜಿಗ್ ಮಾಡ್ಕೊಂಡು, ಅಳತೆ ಹಾಕಿ, ತೂತುಗಳನ್ನ ತಾವೇ ಕೊರೀಬೇಕಿತ್ತು. ಆರ್‌ವಿ-7 ಬರೋ ಹೊತ್ತಿಗೆ ತೂತು ಫ್ಯಾಕ್ಟರಿಯಲ್ಲೇ ಪಂಚ್ ಆಗಿ ಬಂತು, ಪಾರ್ಟಿಗೆ ಪಾರ್ಟ್ ತಾನಾಗೇ ಹೊಂದತ್ತೆ, ಆದ್ರೂ ಎಲ್ಲಾ ಜೋಡಿಸಿ, ಕೊನೇ ಅಳತೆಗೆ ಡ್ರಿಲ್ ಮಾಡಿ, ಮತ್ತೆ ಬಿಚ್ಚಿ, ಅಂಚು ನಯ ಮಾಡಿ, ಡಿಂಪಲ್ ಹಾಕಿ, ಮತ್ತೆ ಜೋಡಿಸ್ಬೇಕು. 14ರಲ್ಲಿ ಹೆಚ್ಚಿನ ತೂತು ಕೊನೇ ಅಳತೆಯಲ್ಲೇ ಬರತ್ತೆ. ಒಂದು ಸುತ್ತು ಬಿಚ್ಚಿ ಜೋಡಿಸೋದು ಎಷ್ಟೋ ಕಡೆ ತಪ್ಪತ್ತೆ. ಸ್ಪಾರ್ (ಉದ್ದದ ತೊಲೆ) ಮೇಲೆ ರಿಬ್ (ಅಡ್ಡ ಪಕ್ಕೆ) ಇಟ್ಟು, ಅದ್ರ ಮೇಲೆ ಸ್ಕಿನ್ (ಹೊರಗಿನ ತಗಡು) ಎಳೆದು ಕ್ಲೀಕೋ (ತಗಡನ್ನ ತಾತ್ಕಾಲಿಕವಾಗಿ ಹಿಡಿಯೋ ಸ್ಪ್ರಿಂಗ್ ಪಿನ್) ಹಾಕ್ತಾ ಹೋದ್ರೆ ಎಲ್ಲಾ ತೂತೂ ಒಂದರ ಮೇಲೊಂದು ಬಂದು ಕೂರತ್ತೆ, ಬಾಲ ನೇರ ಬರಬೇಕಾದ್ದು ನಿಮ್ಮ ಕಣ್ಣಳತೆ ಮೇಲೆ ನಿಂತಿಲ್ಲ, ತೂತುಗಳೇ ನೇರ ಮಾಡ್ತವೆ. ಇದು ನೋಡಿದಾಗ ನನಗೆ ಈ ಡಿಸೈನ್ ಮಾಡಿದೋರ ಮೇಲೆ ನಿಜವಾಗ್ಲೂ ಗೌರವ ಬಂತು. ನಮ್ಮಂಥ ಸಾಮಾನ್ಯ ಜನ ಸಂಜೆ ಹೊತ್ತು ಕೂತು ಮಾಡೋ ಕೆಲಸದಲ್ಲಿ ಎಲ್ಲೆಲ್ಲಿ ಎಡವುತಾರೆ ಅಂತ ಮೊದಲೇ ಯೋಚಿಸಿ ಇಟ್ಟಿದ್ದಾರೆ.

ಮ್ಯಾನ್ಯುಯಲ್ ಅದಕ್ಕಿಂತ ಒಂದು ಕೈ ಮೇಲು. 7ರ ಕಿಟ್ಟಲ್ಲಿ ದೊಡ್ಡ ಡ್ರಾಯಿಂಗ್ ಶೀಟುಗಳೇ ಮುಖ್ಯ, 14ರಲ್ಲಿ ಒಂದೊಂದು ಸ್ಟೆಪ್ಪಿಗೂ ಚಿತ್ರ ಇರತ್ತೆ, ಮೊದಲು ಬಾಲದ ನಿಂತಿರೋ ರೆಕ್ಕೆಯಾದ ಸ್ಟೆಬಿಲೈಸರ್, ಆಮೇಲೆ ಅದ್ರ ಹಿಂದೆ ಎಡಬಲಕ್ಕೆ ತಿರುಗೋ ರಡ್ಡರ್, ಅಡ್ಡ ಸ್ಟೆಬಿಲೈಸರ್, ಅದ್ರ ಹಿಂದೆ ಮೇಲೆ ಕೆಳಗೆ ಆಡೋ ಎಲಿವೇಟರ್, ಕೊನೆಗೆ ಬಾಡಿಯ ಹಿಂಭಾಗವಾದ ಟೇಲ್‌ಕೋನ್ ಅಂತ ಸುಲಭದಿಂದ ಕಷ್ಟಕ್ಕೆ ಕರ್ಕೊಂಡು ಹೋಗತ್ತೆ. ಐದನೇ ಸೆಕ್ಷನ್ ಅಂತ ಒಂದಿದೆ, ಅದ್ರಲ್ಲಿ ಪಾರ್ಟ್ ಜೋಡಿಸೋದಿಲ್ಲ, ಕೆಲಸದ ರೀತಿ ಮಾತ್ರ ಇದೆ, ಅದನ್ನ ತಿರುಗಿಸಿ ಮುಂದೆ ಹೋಗೋರೇ ಜಾಸ್ತಿ. ಹಾಗೆ ಮಾಡ್ಬೇಡಿ, ಅದನ್ನ ಪೂರ್ತಿ ಓದಿ. ಇನ್ನೊಂದು, ಪ್ರತಿ ಪುಟ ಶುರು ಮಾಡೋ ಮುಂಚೆ ಮುಂದಿನ ಎರಡು ಮೂರು ಪುಟ ಓದ್ಕೊಳ್ಳಿ, ಯಾಕಂದ್ರೆ ಈಗ ಖಾಲಿ ಬಿಡಬೇಕಾದ ತೂತು ಯಾವುದು ಅಂತ ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರತ್ತೆ, ಅದು ಯಾಕೆ ಅಂತ ಮುಂದಿನ ಪುಟಕ್ಕೆ ಹೋದಮೇಲೇ ತಿಳಿಯತ್ತೆ.

ರಿವೆಟ್ ಹೊಡೆಯೋದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಹೊಸಬರು ಹೆದರೋದೇ ಇದಕ್ಕೆ. ಅಂಚಲ್ಲಿರೋ ರಿವೆಟ್ ಎಲ್ಲಾ ಇಕ್ಕಳದಂಥ ಸ್ಕ್ವೀಜರ್‌ನಲ್ಲಿ ಒತ್ತಬಹುದು, ಅದು ಆರಾಮ. ನಡುವಿನ ರಿವೆಟ್ಟಿಗೆ ಒಂದು ಕಡೆಯಿಂದ ಗಾಳಿಯ ರಿವೆಟ್ ಗನ್ನು, ಇನ್ನೊಂದು ಕಡೆಯಿಂದ ಬಕಿಂಗ್ ಬಾರ್ ಅನ್ನೋ ಭಾರದ ಲೋಹದ ತುಂಡು ಹಿಡೀಬೇಕು. ಗನ್ ನಾನು, ಬಾರ್ ನನ್ನ ತಮ್ಮ. ಅವನು "ರೆಡಿ ಅಣ್ಣ" ಅಂದ್ಮೇಲೆ ಮಾತ್ರ ಟ್ರಿಗರ್, ಅದು ಮನೇಲಿ ಮಾಡ್ಕೊಂಡ ಕಾನೂನು. ಚೆನ್ನಾಗಿ ಕೂತ ರಿವೆಟ್ಟಿನ ಹಿಂಬದಿ ತಲೆ ರಿವೆಟ್ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಪುಟ್ಟ ಗೇಜ್ ಸಿಗತ್ತೆ, ಶುರುವಲ್ಲಿ ಒಂದೊಂದನ್ನೂ ಅದ್ರಲ್ಲಿ ನೋಡಿ, ಸ್ವಲ್ಪ ದಿನಕ್ಕೆ ಕಣ್ಣೇ ಹೇಳತ್ತೆ. ಗನ್ ಸದ್ದೂ ಬದಲಾಗತ್ತೆ, ರಿವೆಟ್ ಕೂರ್ತಾ ಕೂರ್ತಾ ಸದ್ದು ಬಿಗಿ ಆಗತ್ತೆ, ಅದು ಕಿವಿಗೆ ಹತ್ತಿದ ಮೇಲೆ ಕೈ ತಾನಾಗೇ ನಿಲ್ಲತ್ತೆ. ಹಾಳಾದ ರಿವೆಟ್ ತೆಗೆಯೋದೂ ಒಂದು ಕಲೆ, ತಲೆಯ ನಟ್ಟ ನಡುವೆ ತಲೆ ದಪ್ಪದಷ್ಟೇ ಆಳ ಕೊರೆದು, ಪಂಚ್ ಇಟ್ಟು ತಲೆ ಮುರಿದು, ಉಳಿದದ್ದನ್ನ ನಿಧಾನ ಆಚೆ ತಳ್ಳಬೇಕು. ಅವಸರಕ್ಕೆ ತೂತು ಅಗಲ ಆದ್ರೆ ಸಣ್ಣದಾಗಿದ್ದ ತೊಂದರೆ ದೊಡ್ಡದಾಗತ್ತೆ. ಸ್ವಲ್ಪ ವಾಲಿದ ರಿವೆಟ್ಟನ್ನ ಕೆಲವು ಸಲ ಹಾಗೇ ಬಿಡೋದೇ ಮೇಲು.

ರಡ್ಡರ್ ಹಿಂದಿನ ಅಂಚು ಈ ಕಿಟ್ಟಲ್ಲಿ ನಿಜವಾದ ಪರೀಕ್ಷೆ. ಎರಡು ಸ್ಕಿನ್ ನಡುವೆ ಉದ್ದಕ್ಕೂ ಬೆಣೆ ಆಕಾರದ ಪಟ್ಟಿ ಕೂರಿಸಿ, ಎರಡೂ ಬದಿ ಸಮಕ್ಕೆ ಬರೋ ಹಾಗೆ ರಿವೆಟ್ ಮಾಡ್ಬೇಕು. ಒಂದು ತುದಿಯಿಂದ ಶುರು ಮಾಡಿ ಸಾಲಾಗಿ ಹೊಡೀತಾ ಹೋದ್ರೆ ಅಂಚು ಬಾಗತ್ತೆ. ನೇರವಾದ ಅಲ್ಯೂಮಿನಿಯಂ ಆಂಗಲ್ಲಿಗೆ ಕ್ಲೀಕೋದಲ್ಲಿ ಬಿಗಿದು, ಸೀಲಂಟ್ ಅನ್ನೋ ಅಂಟು ಹಚ್ಚಿ ಒಣಗೋಕೆ ಬಿಟ್ಟು, ಆಮೇಲೆ ಅಲ್ಲೊಂದು ಇಲ್ಲೊಂದು ಬಿಟ್ಟು ಬಿಟ್ಟು ಹೊಡೀರಿ, ಪೂರ್ತಿ ಕೂರಿಸೋದನ್ನ ಒಂದೇ ಸಲಕ್ಕೆ ಮಾಡ್ಬೇಡಿ. ನಾವು ಈ ಕೆಲಸಕ್ಕೆ ಒಂದು ಭಾನುವಾರ ಇಡೀ ಕೊಟ್ವಿ, ಅಷ್ಟು ತಾಳ್ಮೆಗೆ ಅದು ಅರ್ಹ.

ಟೂಲ್ಸ್ ಕಿಟ್ಟಲ್ಲಿ ಬರಲ್ಲ, ಇದು ಗಟ್ಟಿಯಾಗಿ ತಲೇಲಿಟ್ಕೊಳ್ಳಿ. ಕಂಪ್ರೆಸರ್, ರಿವೆಟ್ ಗನ್, ಸ್ಕ್ವೀಜರ್, ಡಿಂಪಲ್ ಒತ್ತೋ ಸಿ-ಫ್ರೇಮ್, ಅದಕ್ಕೆ ಹಾಕೋ ಅಚ್ಚು ಅಂದ್ರೆ ಡಿಂಪಲ್ ಡೈ, ಡಿಬರ್ ಮಾಡೋ (ಅಂಚು ನಯ ಮಾಡೋ) ಸಾಮಾನು, ರಾಶಿ ರಾಶಿ ಕ್ಲೀಕೋ. ಬೆಳ್ಳಿ ಬಣ್ಣದ ಕ್ಲೀಕೋ 3/32 ಇಂಚಿಗೆ, ತಾಮ್ರದ ಬಣ್ಣದ್ದು 1/8 ಇಂಚಿಗೆ, ಬೆಳ್ಳಿದು ಎಷ್ಟಿದ್ರೂ ಸಾಲಲ್ಲ. ನಾನು ಒಂದು ಕಡೆ ಕಮ್ಮಿ ರೇಟಿಗೆ ಡಿಂಪಲ್ ಡೈ ತರಿಸಿದ್ದೆ, ಗಂಡು ಹೆಣ್ಣು ಡೈ ಒಂದಕ್ಕೊಂದು ಸರಿಯಾಗಿ ಕೂರ್ತಿರ್ಲಿಲ್ಲ, ಚೂರು ತಗಡಲ್ಲಿ ಒತ್ತಿ ನೋಡಿದಾಗ ಡಿಂಪಲ್ ಸುತ್ತ ಉಂಗುರದ ಥರ ಗುರುತು, ವಾಪಸ್ ತಗೊಳ್ಳಿ ಅಂದ್ರೆ ಉತ್ತರವೇ ಇಲ್ಲ. ಡೈ ಮತ್ತು ಬಕಿಂಗ್ ಬಾರ್‌ನಲ್ಲಿ ಉಳಿತಾಯ ಮಾಡ್ಬೇಡಿ, ಟಂಗ್‌ಸ್ಟನ್ ಬಾರ್ ಚಿಕ್ಕ ಜಾಗದಲ್ಲೂ ತೂರತ್ತೆ, ಭಾರಾನೂ ಇರತ್ತೆ, ದುಡ್ಡಿಗೆ ಮೋಸ ಇಲ್ಲ. ಉಳಿಸಬೇಕಂದ್ರೆ ಟೇಬಲ್ಲಲ್ಲಿ ಉಳಿಸಿ, ಪ್ಲೈವುಡ್ಡಲ್ಲಿ ನೀವೇ ಮಾಡ್ಕೊಳ್ಳಿ, ಆದ್ರೆ ಮೇಲ್ಮೈ ಮಟ್ಟ ಇರಬೇಕು, ಎಲಿವೇಟರ್ ತಿರುಚಿಕೊಂಡ್ರೆ ಆಮೇಲೆ ಸರಿ ಮಾಡೋದು ಕಷ್ಟ.

ಪ್ರೈಮರ್, ಅಂದ್ರೆ ತುಕ್ಕು ತಡೆಯೋಕೆ ತಗಡಿಗೆ ಹಚ್ಚೋ ಬಣ್ಣ, ಅದ್ರ ವಿಷಯಕ್ಕೆ ಜನ ಹೊಡೆದಾಡ್ತಾರೆ. ಹಚ್ಚೋದು ಬಿಡೋದು ಕಟ್ಟೋರ ಇಷ್ಟ. ನಾನು ಎರಡು ಪಾರ್ಟ್ ಒಂದಕ್ಕೊಂದು ತಾಗೋ ಕಡೆ ಹಚ್ಚಿದೆ, ಅಷ್ಟೇ. ಮಾಸ್ಕ್ ಹಾಕ್ಕೊಳ್ಳಿ, ಬಾಗಿಲು ತೆಗೆದಿಡಿ.

ಗ್ಯಾರೇಜ್ ಎಷ್ಟು ದೊಡ್ಡದಿರಬೇಕು ಅಂತ ಎಲ್ರೂ ಕೇಳ್ತಾರೆ. ಬಾಲಕ್ಕೆ ಒಂದು ಕಾರ್ ನಿಲ್ಲೋ ಜಾಗ ಸಾಕು, ಟೇಲ್‌ಕೋನ್ ಮುಗಿಯೋವರೆಗೂ ಏನೂ ತೊಂದರೆ ಇಲ್ಲ, ಅದು ನಿಂತ ಮೇಲೆ ಓಡಾಡೋಕೆ ಜಾಗ ಕಿರಿದಾಗತ್ತೆ. ಮುಗಿದ ಸ್ಟೆಬಿಲೈಸರ್ರು, ಎಲಿವೇಟರ್ರುಗಳನ್ನ ಬಟ್ಟೆ ಸುತ್ತಿ ಗೋಡೆಗೆ ತೂಗುಹಾಕಿದ್ದೀವಿ. ಜಾಗಕ್ಕಿಂತ ದೊಡ್ಡ ಸಮಸ್ಯೆ ಸದ್ದು. ರಿವೆಟ್ ಗನ್ ಸದ್ದು ಪಕ್ಕದ ಮನೆಗೂ ಕೇಳತ್ತೆ, ಅವರ ಹತ್ರ ಮೊದಲೇ ಮಾತಾಡಿ, ಒಂದ್ಸಲ ಕರೆದು ತೋರಿಸಿ. ಡಿಂಪಲ್ಲಿಗೆ ಸುತ್ತಿಗೆ ಬದಲು ಹಿಡಿ ಎಳೆಯೋ ಥರದ ಫ್ರೇಮ್ ತಗೊಂಡ್ರೆ ಆ ಕೆಲಸ ರಾತ್ರಿನೂ ಮಾಡಬಹುದು. ಕಿವಿಗೆ ಮಫ್ ಇಬ್ಬರಿಗೂ ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ಕಿಟ್ ನೋಡ್ತಿರೋರಿಗೆ ಒಂದು ಎಚ್ಚರಿಕೆ. 2022-23ರ ಸುಮಾರಿಗೆ ವ್ಯಾನ್ಸ್ ಕೆಲವು ಪಾರ್ಟುಗಳ ತೂತುಗಳನ್ನ ಪಂಚ್ ಬದಲು ಲೇಸರಲ್ಲಿ ಕತ್ತರಿಸಿದ್ದು ಬಂದಿತ್ತು, ಅಂಥ ಕೆಲವು ತೂತುಗಳಿಗೆ ಡಿಂಪಲ್ ಹಾಕಿದಾಗ ಅಂಚಲ್ಲಿ ಬಿರುಕು ಕಾಣಿಸ್ಕೊಳ್ತು, ಕಂಪನಿನೇ ಪರೀಕ್ಷೆ ಮಾಡಿಸಿ ಬದಲಿ ಪಾರ್ಟ್ ಕೊಡೋ ವ್ಯವಸ್ಥೆ ಮಾಡ್ತು. 2023ರ ಡಿಸೆಂಬರ್‌ನಲ್ಲಿ ಚಾಪ್ಟರ್ 11 ದಿವಾಳಿ ರಕ್ಷಣೆಗೂ ಹೋಗಿ, 2024ರಲ್ಲಿ ಅದ್ರಿಂದ ಹೊರಗೆ ಬಂತು, ಆ ಹೊತ್ತಲ್ಲಿ ಬೆಲೆನೂ ಏರ್ತು. ಹಾಗಾಗಿ ಬೇರೆಯವರು ಅರ್ಧಕ್ಕೆ ಬಿಟ್ಟ ಕಿಟ್ ತಗೊಳ್ಳೋದಾದ್ರೆ ಯಾವ ವರ್ಷ ಕಳಿಸಿದ್ದು, ಪಾರ್ಟ್ ಬದಲಾಗಿದ್ಯಾ ಅಂತ ಕಾಗದ ನೋಡಿ ತಗೊಳ್ಳಿ.

ದಾಖಲೆ ವಿಷಯ ಕೊನೆಗೆ ಅಂತ ಬಿಡ್ಬೇಡಿ. ಅಮೆರಿಕದಲ್ಲಿ ಅಲ್ಲಿನ ಸರ್ಕಾರಿ ವಿಮಾನಯಾನ ಸಂಸ್ಥೆ ಎಫ್‌ಎಎ ನಿಯಮದ ಪ್ರಕಾರ ವಿಮಾನದ ಬಹುಪಾಲು ಕೆಲಸ ಹವ್ಯಾಸಿಗಳೇ ಕಲಿಕೆಗೋ ಖುಷಿಗೋ ಮಾಡಿರಬೇಕು, ಜನ 51 ಪರ್ಸೆಂಟ್ ರೂಲ್ ಅಂತಾರೆ, ಬೇರೆ ದೇಶಗಳಲ್ಲಿ ಅವರವರ ನಿಯಮ ನೋಡ್ಕೊಳ್ಳಿ. ಎಲ್ಲೇ ಆದ್ರೂ ಫೋಟೋ ಮತ್ತು ಡೈರಿ ಬೇಕಾಗತ್ತೆ, ಮುಚ್ಚಿಹೋಗೋ ಜಾಗ ಇದ್ರೆ ಮುಚ್ಚೋಕ್ ಮುಂಚೆ ಫೋಟೋ, ಫೋಟೋದಲ್ಲಿ ನಿಮ್ಮ ಮುಖಾನೂ ಒಂದೊಂದ್ಸಲ ಇರಲಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಶುರು ಮಾಡಿದ, ಮನೇಲಿ ವಿಮಾನ ಕಟ್ಟೋರ ಇಎಎ ಸಂಘದಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಇರ್ತಾರೆ, ತಾವೇ ವಿಮಾನ ಕಟ್ಟಿ ಅನುಭವ ಇರೋರು, ದುಡ್ಡು ತಗೊಳ್ಳದೆ ಬಂದು ಕೆಲಸ ನೋಡಿ ಹೇಳ್ತಾರೆ. ಅಂಥವರು ನಿಮ್ಮ ಹತ್ರ ಇದ್ರೆ ಮೊದಲ ಸ್ಟೆಬಿಲೈಸರ್ ಮುಚ್ಚೋಕ್ ಮುಂಚೆನೇ ಕರೀರಿ, ಎಲ್ಲಾ ಮುಗಿದ ಮೇಲೆ ಕರೆದ್ರೆ ಒಳಗಿನ ರಿವೆಟ್ ಯಾರಿಗೂ ಕಾಣಲ್ಲ.

ಸ್ಟಾರ್ ಕೊಡಿ ಅಂದ್ರೆ ಐದಕ್ಕೆ ಐದು ಮ್ಯಾನ್ಯುಯಲ್ಲಿಗೆ, ಐದು ತೂತುಗಳಿಗೆ. ರೆಕ್ಕೆ ಕಿಟ್ಟಿಗೆ ಆರ್ಡರ್ ಹಾಕಿದ್ದೀವಿ. ಅದ್ರಲ್ಲಿ ಪೆಟ್ರೋಲ್ ಟ್ಯಾಂಕಿಗೆ ಸೀಲಂಟ್ ಹಚ್ಚೋ ಕೆಲಸ ಇದೆ, ಕೈಗೆ ಬಟ್ಟೆಗೆ ಎಲ್ಲದಕ್ಕೂ ಅಂಟೋ, ಕೆಟ್ಟ ವಾಸನೆಯ ಕೆಲಸ ಅಂತ ಕಟ್ಟಿದೋರೆಲ್ಲ ಹೇಳ್ತಾರೆ, ಯಾರಾದ್ರೂ ಟ್ಯಾಂಕ್ ಮುಗಿಸಿ ಸೋರಿಕೆ ಟೆಸ್ಟ್ ಮಾಡಿದೋರಿದ್ರೆ ಹೇಗೆ ಮಾಡಿದ್ರಿ ಅಂತ ಬರೀರಿ.