ಇಲಿಯ ಪೆಟ್ ಸ್ಕ್ಯಾನ್‌ಗೆ ಯಾವ ಐಸೋಟೋಪ್?

ಪೆಟ್ ಸ್ಕ್ಯಾನ್ ಎಂದರೆ ದೇಹಕ್ಕೆ ಸೇರಿಸಿದ ವಿಕಿರಣಶೀಲ ಐಸೋಟೋಪ್ ಎಲ್ಲಿದೆ ಎಂಬುದನ್ನು, ಅದು ಹೊಮ್ಮಿಸುವ ಪಾಸಿಟ್ರಾನ್‌ಗಳ (ಧನಾವೇಶದ ಎಲೆಕ್ಟ್ರಾನ್‌ಗಳ) ಮೂಲಕ ತೋರಿಸುವ ಚಿತ್ರಣ. ಚಿಕ್ಕ ಪ್ರಾಣಿಗಳ ಪೆಟ್ ಸ್ಕ್ಯಾನರ್‌ಗಳು ಒಂದೆರಡು ಮಿಲಿಮೀಟರ್‌ಗಳ ವಿವರವನ್ನೂ ಗುರುತಿಸಬಲ್ಲವಾದ್ದರಿಂದ, ಮನುಷ್ಯರ ಸ್ಕ್ಯಾನ್‌ನಲ್ಲಿ ಅಷ್ಟಾಗಿ ಕಾಣದ ಒಂದು ಮಿತಿ ಇಲ್ಲಿ ಎದ್ದು ಕಾಣುತ್ತದೆ: ಪಾಸಿಟ್ರಾನ್ ಹುಟ್ಟಿದ ಜಾಗದಲ್ಲೇ ನಾಶವಾಗದೆ, ಅಂಗಾಂಶದಲ್ಲಿ ಒಂದಿಷ್ಟು ದೂರ ಸಾಗಿದ ಬಳಿಕವೇ ನಾಶವಾಗಿ, ಸ್ಕ್ಯಾನರ್ ಪತ್ತೆಹಚ್ಚುವ 511 ಕೆಇವಿ (ಕಣ, ಕಿರಣಗಳ ಶಕ್ತಿಯ ಅಳತೆ) ಶಕ್ತಿಯ ಜೋಡಿ ಗಾಮಾ ಕಿರಣಗಳನ್ನು ಹೊಮ್ಮಿಸುತ್ತದೆ.

ಫ್ಲೋರಿನ್-18ರಲ್ಲಿ ಈ ದೂರ ನೀರಿನಲ್ಲಿ ಸರಾಸರಿ 0.6 ಮಿ.ಮೀ. ಮಾತ್ರ, ಅದರ ವಿಘಟನೆಗಳಲ್ಲಿ ಸುಮಾರು ಶೇ 97ರಷ್ಟು ಪಾಸಿಟ್ರಾನ್ ಕೊಡುವುದರಿಂದ ಚಿತ್ರದಲ್ಲಿ ಗದ್ದಲವೂ (ನಾಯ್ಸ್) ಕಡಿಮೆ. ಗ್ಯಾಲಿಯಂ-68ರಲ್ಲಿ ಆ ಪ್ರಮಾಣ ಶೇ 89 ಇದ್ದರೂ ಪಾಸಿಟ್ರಾನಿನ ಗರಿಷ್ಠ ಶಕ್ತಿ 1.9 ಎಂಇವಿ (1,900 ಕೆಇವಿ) ಆಗಿದ್ದು, ಅದು ಸರಾಸರಿ 3 ಮಿ.ಮೀ.ನಷ್ಟು ಸಾಗುವುದರಿಂದ ಪುಟ್ಟ ಗಡ್ಡೆಯ ಅಂಚು ಮಸುಕಾಗುತ್ತದೆ. ಸೈಕ್ಲೋಟ್ರಾನ್ (ಐಸೋಟೋಪ್ ತಯಾರಿಸುವ ಕಣ ವೇಗವರ್ಧಕ) ಇಲ್ಲದೆ, ದೀರ್ಘಕಾಲ ಉಳಿಯುವ ಮೂಲ ಐಸೋಟೋಪಿನಿಂದ ಅದನ್ನು ಬೇರ್ಪಡಿಸಿ ಕೊಡುವ ಜನರೇಟರ್‌ನಿಂದಲೇ ದೊರೆಯುವುದು ಅದರ ನಿಜವಾದ ಅನುಕೂಲ.

ಪ್ರತಿಕಾಯಗಳಂತೆ ನಿಧಾನವಾಗಿ ಹರಡುವ ಅಣುಗಳಿಗೆ ಫ್ಲೋರಿನ್‌ನ 110 ನಿಮಿಷಗಳ ಅರ್ಧಾಯು ಸಾಲದು. 12.7 ಗಂಟೆಗಳ ಅರ್ಧಾಯುವಿನ ತಾಮ್ರ-64 ಫ್ಲೋರಿನ್‌ನಷ್ಟೇ ಸ್ಪಷ್ಟತೆ ಕೊಡುತ್ತದೆ. ಆದರೆ ಪಾಸಿಟ್ರಾನ್ ಪ್ರಮಾಣ ಶೇ 17.5 ಮಾತ್ರವಾದ್ದರಿಂದ ಸ್ಕ್ಯಾನ್ ದೀರ್ಘವಾಗಬೇಕು. ಹಲವು ದಿನ ಹಿಂಬಾಲಿಸಬೇಕಿದ್ದರೆ, 78.4 ಗಂಟೆಗಳ ಜಿರ್ಕೋನಿಯಂ-89 ಅನ್ನು ನಾನು ಅಯೋಡಿನ್-124ಕ್ಕಿಂತ ಮೇಲೆಂದು ಭಾವಿಸುತ್ತೇನೆ; ಏಕೆಂದರೆ ಅಯೋಡಿನ್‌ನ 603 ಕೆಇವಿ ಗಾಮಾ ಕಿರಣವು ಆ 511 ಕೆಇವಿಗೆ ತೀರ ಹತ್ತಿರವಿದ್ದು, ಸ್ಕ್ಯಾನರಿನ ಶಕ್ತಿ ಕಿಟಕಿಯೊಳಕ್ಕೆ (ಅದು ಸ್ವೀಕರಿಸುವ ಶಕ್ತಿಯ ವ್ಯಾಪ್ತಿಯೊಳಕ್ಕೆ) ನುಸುಳಿ ಸುಳ್ಳು ಜೋಡಿಗಳನ್ನು ಸೃಷ್ಟಿಸುತ್ತದೆ, ಜಿರ್ಕೋನಿಯಂನ 909 ಕೆಇವಿ ಕಿರಣವನ್ನಾದರೆ ಬಹುಮಟ್ಟಿಗೆ ಹೊರಗಿಡಬಹುದು.