ಕೂಸಿಗೆ ಕೌದಿಯೋ, ಮಲಗುವ ಚೀಲವೋ?

ವಿಜಯಪುರದಲ್ಲಿ ಬಾಣಂತನ ಮಾಡುವ ಮನೆಯವರು ಅಜ್ಜಿಯ ಕೌದಿ ಮತ್ತು ಹೊದಿಕೆಯ ಬದಲು ಕೂಸಿಗೆ ಅಂಗಿಯಂತೆ ತೊಡಿಸುವ, ತೋಳಿಲ್ಲದ ಹತ್ತಿಯ ಮಲಗುವ ಚೀಲಗಳ ನಡುವೆ ಆರಿಸುವುದಾದರೆ, ರಾತ್ರಿಗೆ ನಾನು ಚೀಲವನ್ನೇ ಹೇಳುತ್ತೇನೆ. ಏಕೆಂದರೆ ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ಎಷ್ಟೇ ಮೆತ್ತಗಿದ್ದರೂ ಕೂಸು ಕಾಲು ಒದ್ದಾಗ ಸರಿದು ಮೂಗು ಮುಚ್ಚಬಹುದು, ಕುತ್ತಿಗೆಯ ಅಳತೆಗೆ ಸರಿಯಾಗಿ ಕೂರುವ ಚೀಲ ಹಾಗೆ ಮೇಲೇರುವುದಿಲ್ಲ. ಅಜ್ಜಿಯ ಮನಸ್ಸು ನೋಯಬೇಕಿಲ್ಲ: ಎಚ್ಚರವಿರುವ ಕೂಸನ್ನು ಕಣ್ಣೆದುರು ಆಡಿಸಲು ಕೌದಿಯನ್ನು ನೆಲಕ್ಕೆ ಹಾಸಬಹುದು.

ನಮ್ಮ ಬೇಸಿಗೆಗೆ ಚೀಲವೂ ಬೇಡ, ತೆಳುವಾದ ಹತ್ತಿ ಅಂಗಿ ಸಾಕು. ಅಂಗೈ ತಣ್ಣಗಿದೆಯೆಂದು ಹೊದಿಸುವ ಬದಲು ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರು ತೆಗೆಯಿರಿ. ಮನೆಯೊಳಗೆ ಮಲಗುವಾಗ ಕುಲಾಯಿಯೂ ಬೇಡ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ, ದಿಂಬಿಲ್ಲದೆ ಇರಲಿ. ಕೂಸನ್ನು ಪ್ರತಿ ಸಲವೂ ಅಂಗಾತವೇ ಮಲಗಿಸಿ.